ಸ್ಕ್ರಿಪ್ಟ್ ಮತ್ತು ಗ್ರಾಫಿಕ್ಸ್ ಎಂಜಿನ್ ನಡುವೆ ಇವೆಂಟ್ ದಾಟಿಸುವ ಬಗೆಗಳು: ಯಾವುದನ್ನು, ಎಲ್ಲಿ ಆರಿಸಬೇಕು?

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟವನ್ನು ಕಂಪ್ಯೂಟರ್ ತೆರೆಯ ಮೇಲೆ ಮೂರು ಆಯಾಮಗಳಲ್ಲಿ ಕಟ್ಟುವ ಕೆಲಸಕ್ಕೆ ನಾವು ಮೂವರು ಕೈಹಾಕಿದ್ದೆವು. ರೊಬಸ್ಟಾ ಗಿಡಗಳು, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅಂಚಿನಲ್ಲಿ ಆನೆ ಕಂದಕ, ಅದಕ್ಕೆ ಹೊಂದಿಕೊಂಡ ಸೋಲಾರ್ ಬೇಲಿ, ನಡುವೆ ಕಾಫಿ ಒಣಗಿಸುವ ಕಣ, ಹೀಗೆ ವರ್ಷವಿಡೀ ತೋಟದಲ್ಲಿ ನಡೆಯುವುದನ್ನು ಶಾಲೆಯ ಮಕ್ಕಳು ಅರ್ಧ ಗಂಟೆಯಲ್ಲಿ ಆಡಿ ತಿಳಿದುಕೊಳ್ಳಲಿ ಎಂಬುದು ಉದ್ದೇಶ. ಚಿತ್ರ ಬಿಡಿಸುವ ಮತ್ತು ಡಿಕ್ಕಿಗಳನ್ನು ಲೆಕ್ಕ ಹಾಕುವ ಎಂಜಿನ್ ಸಿ ಪ್ಲಸ್ ಪ್ಲಸ್‌ನಲ್ಲಿತ್ತು. ಆನೆ ಹೇಗೆ ನಡೆಯಬೇಕು, ಮಳೆ ಬಿದ್ದ ಮೇಲೆ ಏನಾಗಬೇಕು ಎಂಬ ನಡವಳಿಕೆಯೆಲ್ಲ ಲುವಾ ಎಂಬ ಭಾಷೆಯ ಸ್ಕ್ರಿಪ್ಟ್‌ನಲ್ಲಿತ್ತು. ಆನೆ ಬೇಲಿಗೆ ತಾಗಿತು ಎಂಬಂಥ ಸುದ್ದಿ, ಅಂದರೆ ಇವೆಂಟ್, ಎಂಜಿನ್‌ನಿಂದ ಸ್ಕ್ರಿಪ್ಟ್‌ಗೆ ಹೇಗೆ ತಲುಪಬೇಕು ಎಂಬ ಪ್ರಶ್ನೆ ಮೊದಲ ವಾರದಲ್ಲೇ ಎದುರಾಯಿತು. ನಾವು ಯೋಚಿಸದೆ ಒಂದು ದಾರಿ ಹಿಡಿದೆವು, ಎರಡು ತಿಂಗಳ ನಂತರ ಅದನ್ನು ಕಿತ್ತು ಹಾಕಿದೆವು. ಇದೇ ಬಗೆಯ ಕೆಲಸಕ್ಕೆ ಹೊರಟವರಿಗೆ ಆ ಎರಡು ತಿಂಗಳು ಉಳಿಯಲಿ ಎಂದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಕಾಲ್‌ಬ್ಯಾಕ್, ಸಿಗ್ನಲ್, ಕ್ಯೂ ಎಂಬ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಬರೆಯಲು ಸುಲಭ, ಯಾವುದು ವೇಗ ಎಂದು ತೂಗುವುದು ರೂಢಿ. ನನ್ನ ಅನುಭವದಲ್ಲಿ ಆ ತೂಕ ಎರಡನೆಯದು. ಮುಂದಿನ ಹೆಜ್ಜೆ ಇಡುವ ಮೊದಲು ಎಂಜಿನ್‌ಗೆ ಸ್ಕ್ರಿಪ್ಟ್‌ನಿಂದ ಉತ್ತರ ಬೇಕೇ, ಅಥವಾ ಸುದ್ದಿ ಮುಟ್ಟಿಸಿದರೆ ಸಾಕೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ತೋಟದಲ್ಲಿ ಕೆಲಸ ಮಾಡಿದವರಿಗೆ ಈ ವ್ಯತ್ಯಾಸ ಹೊಸದಲ್ಲ: ಎಷ್ಟು ಆಳು ಬಂದರು, ಎಷ್ಟು ಚೀಲ ಕೊಯ್ಲಾಯಿತು ಎಂಬುದು ತೋಟದ ಲೆಕ್ಕ ಬರೆಯುವ ರೈಟರ್‌ನ ಪುಸ್ತಕಕ್ಕೆ ಹೋಗಿ ಸಂಜೆ ಓದಿಸಿಕೊಳ್ಳುತ್ತದೆ, ಕೊಂಬೆ ಕಡಿಯಲು ಮರ ಹತ್ತಿದವನು ಈ ಕೊಂಬೆಯನ್ನು ಕಡಿಯಲೇ, ಬೇಡವೇ ಎಂದು ಕೇಳಿದರೆ ಮಾತ್ರ ಅಲ್ಲೇ, ಆಗಲೇ ಉತ್ತರ ಕೊಡಬೇಕಾಗುತ್ತದೆ.

ಕೇಳುತ್ತಲೇ ಇರುವುದು

ಅತ್ಯಂತ ಸರಳವಾದ ಬಗೆಯಲ್ಲಿ ಇವೆಂಟ್ ಎಂಬುದೇ ಇರುವುದಿಲ್ಲ. ಪ್ರತಿ ಫ್ರೇಮ್‌ನಲ್ಲೂ, ಅಂದರೆ ತೆರೆಗೆ ಒಂದೊಂದು ಚಿತ್ರ ಬಿಡಿಸುವ ಸುತ್ತಿನಲ್ಲೂ, ಸ್ಕ್ರಿಪ್ಟ್ ಎಂಜಿನ್‌ನ ಸ್ಥಿತಿಯನ್ನು ತಾನೇ ವಿಚಾರಿಸುತ್ತದೆ: ಬಾಣದ ಕೀ ಒತ್ತಿದೆಯೇ, ಆನೆ ಎಲ್ಲಿದೆ, ಬೇಲಿಯಲ್ಲಿ ವಿದ್ಯುತ್ ಇದೆಯೇ. ಒತ್ತಿ ಹಿಡಿದ ಕೀಯಂತೆ ಮುಂದುವರಿಯುತ್ತಿರುವ ಸ್ಥಿತಿಗೆ ಇದೇ ಸರಿಯಾದ ಬಗೆ. ಅದಕ್ಕೆ ಇವೆಂಟ್ ಬರೆಯಲು ಹೊರಟವರು ಒತ್ತಿದ್ದು, ಬಿಟ್ಟದ್ದು ಎರಡನ್ನೂ ನೆನಪಿಟ್ಟು ಕೊನೆಗೆ ಅದೇ ಸ್ಥಿತಿಯನ್ನು ಸ್ಕ್ರಿಪ್ಟ್‌ನೊಳಗೆ ಮತ್ತೆ ಕಟ್ಟಿರುತ್ತಾರೆ. ಆದರೆ ಕ್ಷಣಮಾತ್ರದ ಸಂಗತಿಗೆ ಇದು ಒಗ್ಗದು. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್, ಅಷ್ಟರೊಳಗೆ ಒತ್ತಿ ಬಿಟ್ಟ ಕೀ, ತಾಗಿ ಹಿಂದೆ ಸರಿದ ವಸ್ತು ವಿಚಾರಣೆಗೆ ಸಿಗುವುದೇ ಇಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಫ್ರೇಮ್ ನಿಧಾನವಾದಷ್ಟೂ ಹೀಗೆ ತಪ್ಪಿಹೋಗುವುದು ಹೆಚ್ಚುತ್ತದೆ.

ನೇರ ಕಾಲ್‌ಬ್ಯಾಕ್

ನಾವು ಮೊದಲು ಹಿಡಿದದ್ದು ಇದನ್ನೇ. ಸ್ಕ್ರಿಪ್ಟ್ ತನ್ನ ಒಂದು ಫಂಕ್ಷನ್ ಅನ್ನು ಎಂಜಿನ್‌ಗೆ ಒಪ್ಪಿಸಿರುತ್ತದೆ. ಸಂಗತಿ ನಡೆದ ಕ್ಷಣದಲ್ಲೇ ಎಂಜಿನ್ ಅದನ್ನು ಕರೆಯುತ್ತದೆ. ತಡವಿಲ್ಲ, ನಡುವೆ ಇನ್ನೊಂದು ಪದರವಿಲ್ಲ, ಬರೆಯುವುದು ಹತ್ತು ಸಾಲು. ಓಗ್ರ್ ಎಂಜಿನ್‌ನ ಫ್ರೇಮ್ ಲಿಸನರ್ ಇದೇ ಬಗೆಯದು: ಫ್ರೇಮ್ ಆರಂಭವಾದಾಗ, ಚಿತ್ರಣದ ಆದೇಶಗಳು ಸಾಲುಗೂಡಿದಾಗ, ಫ್ರೇಮ್ ಮುಗಿದಾಗ ಎಂದು ಮೂರು ಕಡೆ ಅದು ಕರೆಯುತ್ತದೆ, ಮತ್ತು ಕರೆಸಿಕೊಂಡವರು 'ಸುಳ್ಳು' ಎಂಬ ಮೌಲ್ಯವನ್ನು ಹಿಂದಿರುಗಿಸಿದರೆ ಚಿತ್ರಣದ ಲೂಪ್ ನಿಲ್ಲುತ್ತದೆ. ಲವ್ ಎಂಬ ಲುವಾ ಆಧಾರಿತ ಎಂಜಿನ್‌ನಲ್ಲಿ ಕಿಟಕಿ ಮುಚ್ಚುವಾಗ ಕರೆಯಲಾಗುವ ಫಂಕ್ಷನ್ 'ನಿಜ' ಎಂದು ಹೇಳಿದರೆ ಆಟ ಮುಚ್ಚುವುದಿಲ್ಲ. ಎರಡರಲ್ಲೂ ಎಂಜಿನ್ ಉತ್ತರಕ್ಕಾಗಿ ಕಾಯುತ್ತಿದೆ, ಆದ್ದರಿಂದಲೇ ನೇರ ಕರೆ ಅಲ್ಲಿ ಸಲ್ಲುತ್ತದೆ.

ಉತ್ತರ ಬೇಕಿಲ್ಲದ ಕಡೆಯೂ ಇದನ್ನೇ ಬಳಸಿದಾಗ ತೊಂದರೆ ಶುರುವಾಗುತ್ತದೆ. ನಮ್ಮ ಆಟದಲ್ಲಿ ಆನೆ ಹಲಸಿನ ಮರಕ್ಕೆ ಡಿಕ್ಕಿ ಹೊಡೆದರೆ ಹಣ್ಣು ಉದುರಬೇಕಿತ್ತು, ಎಳೆಯ ಮರವಾದರೆ ಮರವೇ ಉರುಳಬೇಕಿತ್ತು. ಸ್ಕ್ರಿಪ್ಟ್ ಬರೆದವರು ಡಿಕ್ಕಿಯ ಕಾಲ್‌ಬ್ಯಾಕ್‌ನೊಳಗೇ ಮರವನ್ನು ದೃಶ್ಯದಿಂದ ಅಳಿಸುವ ಸಾಲನ್ನು ಬರೆದರು, ಮತ್ತು ಆ ಸಾಲು ಓದುವವರ ಕಣ್ಣಿಗೆ ಸಂಪೂರ್ಣ ಸಹಜವಾಗಿತ್ತು. ಆದರೆ ಆ ಹೊತ್ತಿಗೆ ಎಂಜಿನ್ ತನ್ನ ವಸ್ತುಗಳ ಪಟ್ಟಿಯ ನಡುವೆ ನಿಂತು ಡಿಕ್ಕಿಗಳನ್ನು ಒಂದೊಂದಾಗಿ ನೋಡುತ್ತಿತ್ತು. ಅದರ ಕಾಲಡಿಯ ಪಟ್ಟಿಯೇ ಬದಲಾಗಿ ಆಟ ಕುಸಿಯುತ್ತಿತ್ತು. ಅದೂ ಪ್ರತಿ ಸಲ ಅಲ್ಲ, ಹತ್ತು ಸಲಕ್ಕೊಮ್ಮೆ. ತಪ್ಪು ಸ್ಕ್ರಿಪ್ಟ್ ಬರೆದವರದಲ್ಲ. ಯಾವ ಹೊತ್ತಿನಲ್ಲಿ ಏನನ್ನು ಮುಟ್ಟಬಾರದು ಎಂಬುದನ್ನು ಅವರು ತಿಳಿದಿರಲೇಬೇಕಾದಂತೆ ಗಡಿಯನ್ನು ಹಾಕಿದ ನಮ್ಮದು.

ವಸ್ತುಗಳ ಚಲನೆ, ಡಿಕ್ಕಿಗಳನ್ನು ಲೆಕ್ಕ ಹಾಕುವ ಪ್ರಸಿದ್ಧ ಬಾಕ್ಸ್‌ಟುಡಿ ಭೌತ ಎಂಜಿನ್ ಇದನ್ನು ನಿಯಮವಾಗಿಯೇ ತಡೆಯುತ್ತದೆ. ಅದರ ಎರಡನೆಯ ಆವೃತ್ತಿಗಳಲ್ಲಿ ಲೆಕ್ಕದ ಹೆಜ್ಜೆ ನಡೆಯುತ್ತಿರುವಾಗ ವಸ್ತುಗಳೆಲ್ಲ ಇರುವ ಲೋಕಕ್ಕೆ ಬೀಗ ಬಿದ್ದಿರುತ್ತದೆ, ಸಂಪರ್ಕದ ಕಾಲ್‌ಬ್ಯಾಕ್‌ನೊಳಗೆ ವಸ್ತುವನ್ನು ಹುಟ್ಟಿಸುವಂತಿಲ್ಲ, ಅಳಿಸುವಂತಿಲ್ಲ. ಸಂಪರ್ಕದ ವಿವರವನ್ನು ಬರೆದಿಟ್ಟುಕೊಂಡು ಹೆಜ್ಜೆ ಮುಗಿದ ಮೇಲೆ ಬೇಕಾದ್ದನ್ನು ಮಾಡಬೇಕು. ಆದರೆ ಇದೇ ಎಂಜಿನ್‌ನಲ್ಲಿ ಡಿಕ್ಕಿಯ ಪರಿಣಾಮವನ್ನು ಲೆಕ್ಕ ಹಾಕುವ ಮೊದಲು ಬರುವ ಇನ್ನೊಂದು ಕಾಲ್‌ಬ್ಯಾಕ್ ಇದೆ. ಅದರಲ್ಲಿ ಈ ಸಂಪರ್ಕವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳಬಹುದು, ಮತ್ತು ಆ ಮಾತು ಆ ಒಂದು ಹೆಜ್ಜೆಗೆ ಮಾತ್ರ ಅನ್ವಯಿಸುತ್ತದೆ. ಸೋಲಾರ್ ಬೇಲಿಯಲ್ಲಿ ವಿದ್ಯುತ್ ಇಲ್ಲದಿದ್ದರೆ ಆನೆ ದಾಟಲಿ, ಇದ್ದರೆ ತಡೆಯಲಿ ಎಂಬ ನಿರ್ಧಾರವನ್ನು ಇಲ್ಲಿಯೇ ಹೇಳಬೇಕು; ಮುಂದಿನ ಫ್ರೇಮ್‌ಗೆ ಮುಂದೂಡಿದರೆ ಆನೆ ಆಗಲೇ ಬೇಲಿಗೆ ಬಡಿದು ಹಿಂದೆ ಪುಟಿದಿರುತ್ತದೆ. ಸುದ್ದಿಗೂ ಪ್ರಶ್ನೆಗೂ ಇರುವ ಅಂತರವನ್ನು ಒಂದೇ ಎಂಜಿನ್ ಇಷ್ಟು ಸ್ಪಷ್ಟವಾಗಿ ತೋರಿಸುವುದು ಅಪರೂಪ. ಲವ್ ಎಂಜಿನ್ ಈ ಕಾಲ್‌ಬ್ಯಾಕ್‌ಗಳನ್ನು ಲುವಾಕ್ಕೆ ಹಾಗೆಯೇ ಒಡ್ಡುವುದರಿಂದ ಕಲಿಯುವವರು ಅಲ್ಲಿ ಪ್ರಯೋಗ ಮಾಡಿ ನೋಡಬಹುದು.

ನೇರ ಕರೆಗೆ ಇನ್ನೆರಡು ಖರ್ಚುಗಳಿವೆ. ಮೊದಲನೆಯದು ದೋಷ. ಸಿ ಭಾಷೆಯಾಗಿ ಕಂಪೈಲ್ ಮಾಡಿದ ಲುವಾ, ದೋಷ ಬಂದಾಗ ಲಾಂಗ್‌ಜಂಪ್ ಮೂಲಕ, ಒಂದನ್ನೊಂದು ಕರೆದ ಫಂಕ್ಷನ್‌ಗಳ ಅಟ್ಟಿಯಾದ ಸ್ಟ್ಯಾಕ್‌ನಲ್ಲಿ ಮೇಲಕ್ಕೆ ಹಾರುತ್ತದೆ. ನಡುವೆ ಸಿ ಪ್ಲಸ್ ಪ್ಲಸ್ ಫಂಕ್ಷನ್‌ಗಳಿದ್ದರೆ ಹಿಡಿದದ್ದನ್ನು ಕೊನೆಯಲ್ಲಿ ಬಿಟ್ಟುಕೊಡುವ ಅವುಗಳ ಡಿಸ್ಟ್ರಕ್ಟರ್‌ಗಳು ನಡೆಯದೆ ಹೋಗುತ್ತವೆ, ಹಿಡಿದ ಬೀಗ ಹಿಡಿದಂತೆಯೇ ಉಳಿಯಬಹುದು. ಹಾಗಾಗಿ ಎಂಜಿನ್‌ನಿಂದ ಹೊರಡುವ ಪ್ರತಿ ಕರೆಯೂ ಪಿ-ಕಾಲ್ ಎಂಬ ರಕ್ಷಿತ ಕರೆಯೇ ಆಗಿರಬೇಕು. ಇಲ್ಲದಿದ್ದರೆ ಸ್ಕ್ರಿಪ್ಟ್‌ನಲ್ಲಿ ತಪ್ಪಾದ ಒಂದು ಹೆಸರು ಇಡೀ ಆಟವನ್ನು ಮುಚ್ಚಿಸುತ್ತದೆ. ಎರಡನೆಯದು ಗಡಿ ದಾಟುವ ಬೆಲೆ. ಲುವಾವನ್ನು ವೇಗವಾಗಿ ನಡೆಸುವ ಲುವಾಜಿಟ್‌ನ ದಸ್ತಾವೇಜು, ಸಿ ಫಂಕ್ಷನ್‌ಗಳೊಡನೆ ಜೋಡಿಸುವ ತನ್ನ ಎಫ್‌ಎಫ್‌ಐ ಕಾಲ್‌ಬ್ಯಾಕ್‌ಗಳು ನಿಧಾನವೆಂದು ನೇರವಾಗಿಯೇ ಹೇಳುತ್ತದೆ, ಮತ್ತು ಸಿ ಕಡೆಯವರು ಲುವಾವನ್ನು ಮತ್ತೆ ಮತ್ತೆ ಕರೆಯುವ ಬದಲು ಲುವಾ ಕಡೆಯಿಂದಲೇ ಒಂದೊಂದಾಗಿ ಎಳೆದುಕೊಳ್ಳುವಂತೆ ವಿನ್ಯಾಸ ಮಾಡಿ ಎಂದು ಸಲಹೆ ಕೊಡುತ್ತದೆ. ಆ ಸಲಹೆ ಕ್ಯೂ ಕಡೆಗೇ ಒಯ್ಯುತ್ತದೆ.

ಇವೆಂಟ್ ಕ್ಯೂ

ಇಲ್ಲಿ ಎಂಜಿನ್ ಯಾರನ್ನೂ ಕರೆಯುವುದಿಲ್ಲ. ನಡೆದದ್ದನ್ನು ಕ್ಯೂ ಎಂಬ ಸಾಲಿನಲ್ಲಿ ಬರೆದಿಡುತ್ತದೆ. ಫ್ರೇಮ್‌ನ ಒಂದು ನಿಗದಿತ ಜಾಗದಲ್ಲಿ, ಲೆಕ್ಕವೆಲ್ಲ ಮುಗಿದು ಯಾವ ಪಟ್ಟಿಯೂ ಅರ್ಧದಲ್ಲಿಲ್ಲದ ಹೊತ್ತಿನಲ್ಲಿ, ಸ್ಕ್ರಿಪ್ಟ್ ಆ ಸಾಲನ್ನು ಓದುತ್ತದೆ. ಆಗ ಮರವನ್ನು ಅಳಿಸಿದರೂ ಹೊಸ ಆನೆಯನ್ನು ತಂದರೂ ಯಾರ ಕಾಲಡಿಯೂ ಕುಸಿಯುವುದಿಲ್ಲ. ಎಸ್‌ಡಿಎಲ್ ಎಂಬ ಸಿದ್ಧ ಕೋಡ್ ಲೈಬ್ರರಿ ಕೀಬೋರ್ಡ್ ಮತ್ತು ಮೌಸ್ ಸುದ್ದಿಯನ್ನು ಹೀಗೆಯೇ ಕೊಡುತ್ತದೆ. ಅದರ ಮೇಲೆ ಕಟ್ಟಿದ ಲವ್ ಎಂಜಿನ್‌ನ ಮುಖ್ಯ ಲೂಪ್ ಪ್ರತಿ ಸುತ್ತಿನ ಆರಂಭದಲ್ಲಿ ಸಾಲನ್ನು ಖಾಲಿ ಮಾಡಿ, ಆಮೇಲೆ ನವೀಕರಣ, ಆಮೇಲೆ ಚಿತ್ರಣ ಎಂಬ ಕ್ರಮದಲ್ಲಿ ನಡೆಯುತ್ತದೆ. ಆ ಲೂಪ್ ಲುವಾದಲ್ಲೇ ಬರೆದಿರುವುದರಿಂದ ತೆರೆದು ಓದಬಹುದು, ಬೇಕಾದರೆ ಬದಲಿಸಬಹುದು. ಕ್ಯೂ ವಿನ್ಯಾಸ ಮಾಡುವವರು ಮೊದಲು ಅದನ್ನೊಮ್ಮೆ ಓದುವುದು ಲೇಸು.

ಥ್ರೆಡ್‌ಗಳು, ಅಂದರೆ ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು, ಒಂದಕ್ಕಿಂತ ಹೆಚ್ಚಿದ್ದರೆ ಆಯ್ಕೆ ಬಹುಮಟ್ಟಿಗೆ ಇಲ್ಲಿಯೇ ಮುಗಿಯುತ್ತದೆ. ಒಂದೇ ಲುವಾ ಸ್ಥಿತಿಯನ್ನು, ಅಂದರೆ ಸ್ಕ್ರಿಪ್ಟ್ ಓಡುವ ಜಾಗವನ್ನು, ಎರಡು ಥ್ರೆಡ್‌ಗಳು ಏಕಕಾಲಕ್ಕೆ ಮುಟ್ಟುವಂತಿಲ್ಲ. ಸ್ಕ್ರಿಪ್ಟ್ ಪೈಥಾನ್ ಭಾಷೆಯದಾದರೆ, ಅದರ ಸಾಮಾನ್ಯ ಆವೃತ್ತಿಯಲ್ಲಿ ಜಿಐಎಲ್ ಎಂಬ ಬೀಗವನ್ನು ಹಿಡಿಯದೆ ಎಂಜಿನ್‌ನ ಥ್ರೆಡ್ ಸ್ಕ್ರಿಪ್ಟ್ ಅನ್ನು ಕರೆಯುವಂತಿಲ್ಲ, ಆ ಬೀಗಕ್ಕಾಗಿ ಕಾಯುತ್ತಾ ಡಿಕ್ಕಿಯ ಲೆಕ್ಕ ನಿಂತರೆ ಬೇರೆ ಥ್ರೆಡ್ ಇಟ್ಟುಕೊಂಡ ಲಾಭವೇ ಹೋಯಿತು. ಸಾಲಿಗೆ ಸೇರಿಸುವ ಕೆಲಸ ಮಾತ್ರ ಥ್ರೆಡ್‌ಗಳ ನಡುವೆ ಸುರಕ್ಷಿತವಾಗಿದ್ದರೆ ಉಳಿದದ್ದೆಲ್ಲ ಒಂದೇ ಕಡೆ ಶಾಂತವಾಗಿ ನಡೆಯುತ್ತದೆ.

ಸಾಲಿಗೆ ಏನನ್ನು ಬರೆಯಬೇಕು ಎಂಬುದರಲ್ಲಿ ನಾವು ಅತಿ ಹೆಚ್ಚು ಕಲಿತೆವು. ಮಳೆಯ ಹನಿಯೊಂದು ನೆಲಕ್ಕೆ ತಾಗಿದಾಗಲೆಲ್ಲ ಒಂದು ಇವೆಂಟ್ ಎಂದು ಆರಂಭಿಸಿದ್ದೆವು, ಏಕೆಂದರೆ ಹನಿಗಳೂ ಎಂಜಿನ್‌ನಲ್ಲಿ ಸಣ್ಣ ಕಣಗಳನ್ನು ಬಿಡಿಸುವ ಪಾರ್ಟಿಕಲ್ ವ್ಯವಸ್ಥೆಯ ವಸ್ತುಗಳೇ. ಜುಲೈ ತಿಂಗಳ ದೃಶ್ಯ ಬಂದಾಗ ಒಂದು ಫ್ರೇಮ್‌ಗೆ ಸಾವಿರಾರು ಸಂದೇಶಗಳು ಸಾಲಿನಲ್ಲಿ ನಿಂತು ಆಟ ತೆವಳತೊಡಗಿತು. ಕೊಡಗಿನ ಯಾವ ಬೆಳೆಗಾರನೂ ಹನಿ ಎಣಿಸುವುದಿಲ್ಲ. ಬೆಳಿಗ್ಗೆ ಮಳೆಮಾಪಕದ ಅಳತೆ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಪುಸ್ತಕದಲ್ಲಿ ಬರೆಯುತ್ತಾನೆ, ಅಲ್ಲಿ ನೂರು ಸೆಂಟ್‌ಗೆ ಒಂದು ಇಂಚು. ನಾವೂ ಹನಿಗಳ ಲೆಕ್ಕವನ್ನು ಎಂಜಿನ್‌ನಲ್ಲೇ ಕೂಡಿಸಿ, ಆಟದ ದಿನಕ್ಕೆ ಒಂದು ಮಳೆ ಇವೆಂಟ್ ಮಾತ್ರ ದಾಟಿಸಿದೆವು. ಸ್ಕ್ರಿಪ್ಟ್‌ಗೆ ಬೇಕಿದ್ದದ್ದೂ ಅಷ್ಟೇ. ಮೌಸ್‌ನ ವಿಷಯದಲ್ಲೂ ಇದೇ ಲೆಕ್ಕ: ಸೆಕೆಂಡಿಗೆ 1000 ಬಾರಿ ವರದಿ ಮಾಡುವ ಮೌಸ್, ಒಂದು ಫ್ರೇಮ್‌ನೊಳಗೆ ಹದಿನಾರಕ್ಕೂ ಹೆಚ್ಚು ಚಲನೆಯ ಇವೆಂಟ್‌ಗಳನ್ನು ತುಂಬುತ್ತದೆ, ಕೊನೆಯ ಸ್ಥಾನ ಮತ್ತು ಒಟ್ಟು ಸರಿದ ದೂರವನ್ನು ಉಳಿಸಿ ಉಳಿದದ್ದನ್ನು ಕೂಡಿಸಿಬಿಡಬಹುದು. ಕೀ ಒತ್ತಿದ್ದು, ಬಿಟ್ಟದ್ದನ್ನು ಮಾತ್ರ ಹೀಗೆ ಕೂಡಿಸಬಾರದು.

ಕ್ಯೂನ ದೋಷಗಳನ್ನೂ ಹೇಳಬೇಕು. ಸುದ್ದಿ ಒಂದು ಫ್ರೇಮ್ ತಡವಾಗಿ ತಲುಪಬಹುದು. ಹೆಚ್ಚಿನ ಆಟಗಳಿಗೆ ಇದು ತಿಳಿಯುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು ಹಳಸಿದ ಉಲ್ಲೇಖ: ಆನೆ ಮರಕ್ಕೆ ತಾಗಿತು ಎಂಬ ಇವೆಂಟ್ ಅನ್ನು ಓದುವ ಹೊತ್ತಿಗೆ, ಅದಕ್ಕೆ ಮೊದಲಿನ ಇವೆಂಟ್‌ನ ಕಾರಣದಿಂದ ಆ ಮರವೇ ಇಲ್ಲವಾಗಿರಬಹುದು. ಆದ್ದರಿಂದ ಇವೆಂಟ್‌ನಲ್ಲಿ ಪಾಯಿಂಟರ್ ಎಂಬ ಮೆಮೊರಿ ವಿಳಾಸವನ್ನು ಇಡಬಾರದು, ವಸ್ತುವಿನ ಸಂಖ್ಯೆ ಮತ್ತು ಆ ಜಾಗಕ್ಕೆ ಬಂದ ಎಷ್ಟನೆಯ ವಸ್ತು ಎಂಬ ತಲೆಮಾರಿನ ಸಂಖ್ಯೆ ಎರಡನ್ನೂ ಇಡಬೇಕು. ಅದೇ ಜಾಗದಲ್ಲಿ ಹೊಸ ಮರ ಹುಟ್ಟಿದ್ದರೆ ತಲೆಮಾರು ಹೊಂದದೆ ಇವೆಂಟ್ ಬಿದ್ದುಹೋಗುತ್ತದೆ. ಹಾಗೆಯೇ ಸಾಲನ್ನು ಓದುತ್ತಿರುವಾಗ ಸ್ಕ್ರಿಪ್ಟ್ ಹೊಸ ಇವೆಂಟ್ ಹಾಕಿದರೆ ಅದು ಇನ್ನೊಂದು ಸಾಲಿಗೆ ಹೋಗಿ ಮುಂದಿನ ಸುತ್ತಿನಲ್ಲಿ ಬರಲಿ. ಇಲ್ಲದಿದ್ದರೆ ಇವೆಂಟ್‌ಗೆ ಪ್ರತಿಕ್ರಿಯಿಸುವ ಎರಡು ಫಂಕ್ಷನ್‌ಗಳು, ಅಂದರೆ ಹ್ಯಾಂಡ್ಲರ್‌ಗಳು, ಒಂದಕ್ಕೊಂದು ಉತ್ತರ ಕೊಡುತ್ತಾ ಫ್ರೇಮ್ ಮುಗಿಯುವುದೇ ಇಲ್ಲ.

ಸಿಗ್ನಲ್ ಮತ್ತು ಹೆಸರಿನ ಸಂದೇಶಗಳು

ಕೇಳುವವರು ಯಾರೆಂದು ತಿಳಿಯದೆಯೇ ಕೂಗುವವನು ಕೂಗಲಿ, ಬೇಕಾದವರು ಕಿವಿಗೊಡಲಿ ಎಂಬುದು ಸಿಗ್ನಲ್‌ನ ತತ್ವ. ಮಳೆ ಬಂದರೆ ಗಿಡ, ಕಣದ ಮೇಲಿನ ಕಾಫಿ, ಕೊಡೆ ಹಿಡಿದ ಕೆಲಸಗಾರರು ಮೂವರೂ ಪ್ರತಿಕ್ರಿಯಿಸಬೇಕಾದಾಗ ಇದರಷ್ಟು ಅಚ್ಚುಕಟ್ಟು ಬೇರೆ ಇಲ್ಲ. ಆದರೆ ಸಿಗ್ನಲ್ ಎಂಬುದು ಕ್ಯೂಗೆ ಪರ್ಯಾಯ ಎಂದು ಹಲವರು ತಿಳಿದಿರುವುದು ಸರಿಯಲ್ಲ; ಯಾರಿಗೆ ತಲುಪಬೇಕು ಎಂಬುದನ್ನು ಸಿಗ್ನಲ್ ಹೇಳುತ್ತದೆ, ಯಾವಾಗ ತಲುಪಬೇಕು ಎಂಬುದು ಬೇರೆಯೇ ಪ್ರಶ್ನೆ. ಗೊಡೊ ಎಂಜಿನ್‌ನಲ್ಲಿ ಸಿಗ್ನಲ್ ಹೊರಟ ಕ್ಷಣದಲ್ಲೇ ಕೇಳುಗರೆಲ್ಲರ ಫಂಕ್ಷನ್‌ಗಳು ನಡೆಯುತ್ತವೆ, ಅಂದರೆ ಅದು ವೇಷ ಬದಲಿಸಿದ ನೇರ ಕಾಲ್‌ಬ್ಯಾಕ್. ಜೋಡಿಸುವಾಗ ಮುಂದೂಡುವ ಸೂಚನೆಯನ್ನು ಕೊಟ್ಟರೆ ಮಾತ್ರ ಕರೆ ಸಾಲಿಗೆ ಹೋಗುತ್ತದೆ. ವಸ್ತುವೊಂದು ವಲಯದೊಳಗೆ ಬಂತೆಂಬ ಸಿಗ್ನಲ್‌ನ ಒಳಗೆ ಭೌತ ಸ್ಥಿತಿಯನ್ನು ಬದಲಿಸಲು ಹೋದವರಿಗೆ, ಮುಂದೂಡಿದ ಕರೆಯನ್ನು ಬಳಸಿ ಎಂಬ ದೋಷ ಸಂದೇಶವನ್ನು ಗೊಡೊ ತೋರಿಸುತ್ತದೆ. ನಮ್ಮ ಹಲಸಿನ ಮರದ ಕಥೆಯೇ ಅದು.

ಪಂಡಾ3ಡಿ ಎಂಬ ಎಂಜಿನ್‌ನದು ಇನ್ನೊಂದು ಪಾಠ. ಅದರ ಸಿ ಪ್ಲಸ್ ಪ್ಲಸ್ ತಿರುಳು ಹೊರಡಿಸುವ ಇವೆಂಟ್‌ಗಳು ಮೊದಲು ಸಾಲಿಗೆ ಬೀಳುತ್ತವೆ, ಪ್ರತಿ ಫ್ರೇಮ್‌ನಲ್ಲೂ ಒಂದು ಟಾಸ್ಕ್ ಅವುಗಳನ್ನು ತೆಗೆದು ಪೈಥಾನ್ ಕಡೆಯ ಮೆಸೆಂಜರ್‌ಗೆ ಒಪ್ಪಿಸುತ್ತದೆ. ಆದರೆ ಪೈಥಾನ್‌ನಿಂದ ಪೈಥಾನ್‌ಗೆ ಕಳುಹಿಸಿದ ಸಂದೇಶ ತಕ್ಷಣವೇ ತಲುಪುತ್ತದೆ. ಭಾಷೆಯ ಗಡಿಯಲ್ಲಿ ಸಾಲು, ಒಂದೇ ಭಾಷೆಯೊಳಗೆ ನೇರ ಕರೆ ಎಂಬ ಈ ಹಂಚಿಕೆ ನನಗೆ ಬಹಳ ಒಪ್ಪಿಗೆಯಾದದ್ದು. ಒಪ್ಪಿಗೆಯಾಗದ್ದು ಅಲ್ಲಿನ ಹೆಸರುಗಳ ಪದ್ಧತಿ: ಇವೆಂಟ್‌ನ ಗುರುತು ಬರೀ ಅಕ್ಷರಗಳ ಸರಣಿ, ಒಂದು ಅಕ್ಷರ ತಪ್ಪಿದರೆ ದೋಷವೂ ಬರುವುದಿಲ್ಲ, ಇವೆಂಟ್ ಕೂಡ ಬರುವುದಿಲ್ಲ. ಹೆಸರುಗಳನ್ನು ಒಂದೇ ಕಡೆ ಪಟ್ಟಿ ಮಾಡಿ, ಪಟ್ಟಿಯಲ್ಲಿಲ್ಲದ ಹೆಸರಿಗೆ ಕಿವಿಗೊಟ್ಟವರನ್ನು ಆರಂಭದಲ್ಲೇ ತಡೆಯುವುದು ಒಂದು ಮಧ್ಯಾಹ್ನದ ಕೆಲಸ.

ಸಿಗ್ನಲ್ ಬಳಸುವವರು ಕಡೆಗಣಿಸುವ ಸಂಗತಿ ಕೇಳುಗರ ಆಯುಸ್ಸು. ಲುವಾ ಫಂಕ್ಷನ್ ಒಂದನ್ನು ರಿಜಿಸ್ಟ್ರಿ ಎಂಬ ಲುವಾದ ಒಳ ಪಟ್ಟಿಯಲ್ಲಿ ಇಟ್ಟು ಅದರ ಸಂಖ್ಯೆಯನ್ನು ಎಂಜಿನ್‌ನ ವಸ್ತು ಹಿಡಿದುಕೊಂಡಿದೆ ಎನ್ನಿ. ಆ ಫಂಕ್ಷನ್‌ನೊಳಗೆ ಅದೇ ವಸ್ತುವಿನ ಉಲ್ಲೇಖವೂ ಇದೆ ಎನ್ನಿ. ವಸ್ತು ಫಂಕ್ಷನ್ ಅನ್ನು ಬಿಡುವುದಿಲ್ಲ, ಫಂಕ್ಷನ್ ವಸ್ತುವನ್ನು ಬಿಡುವುದಿಲ್ಲ, ಲುವಾದ ಕಸ ಗುಡಿಸುವ ವ್ಯವಸ್ಥೆಗೆ ಈ ಸುತ್ತು ಕಾಣುವುದೂ ಇಲ್ಲ. ತೆರೆಯ ಮೇಲೆ ಇಲ್ಲದ ಆನೆಗಳು ಮೆಮೊರಿಯಲ್ಲಿ ಹಿಂಡುಗಟ್ಟಿ ನಿಂತಿರುತ್ತವೆ. ವಸ್ತು ದೃಶ್ಯದಿಂದ ಹೊರಟ ಕ್ಷಣದಲ್ಲೇ ಅದರ ಎಲ್ಲ ಜೋಡಣೆಗಳನ್ನು ಎಂಜಿನ್ ತಾನಾಗಿ ಕಳಚಬೇಕು; ಸ್ಕ್ರಿಪ್ಟ್ ಬರೆಯುವವರು ನೆನಪಿಟ್ಟು ಕಳಚುತ್ತಾರೆ ಎಂದು ನಂಬುವುದು ಬೇಡ.

ಕೊರೂಟೀನ್

ನಡುವೆ ನಿಂತು ಕಾದು, ಆಮೇಲೆ ನಿಂತಲ್ಲಿಂದಲೇ ಮುಂದುವರಿಯಬಲ್ಲ ಫಂಕ್ಷನ್‌ಗೆ ಈ ಹೆಸರು. ಕಾಫಿ ಗಿಡದ ವರ್ಷವನ್ನು ಇವೆಂಟ್‌ಗಳಲ್ಲಿ ಬರೆಯಲು ಹೊರಟಾಗ ಇದರ ಬೆಲೆ ತಿಳಿಯಿತು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂಮಳೆ ಬೀಳಬೇಕು. ಸಾಕಷ್ಟು ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಆಮೇಲೆ ಬೆಳೆಗಾರರು ಬ್ಯಾಕಿಂಗ್ ಎನ್ನುವ ಎರಡನೆಯ ಮಳೆ ಹೊತ್ತಿಗೆ ಸರಿಯಾಗಿ ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ಇದನ್ನು ಬರೀ ಹ್ಯಾಂಡ್ಲರ್‌ಗಳಲ್ಲಿ ಬರೆದಾಗ ಮಳೆಯದೊಂದು, ದಿನ ಕಳೆದದ್ದೊಂದು, ಹೂವಿನದೊಂದು ಎಂದು ಕಥೆ ಚೂರುಚೂರಾಗಿ, ಗಿಡ ಈಗ ಯಾವ ಹಂತದಲ್ಲಿದೆ ಎಂಬುದನ್ನು ಹೇಳುವ ಐದಾರು ಧ್ವಜಗಳು ಹುಟ್ಟಿಕೊಂಡವು. ಕೊರೂಟೀನ್‌ನಲ್ಲಿ ಅದೇ ಸಂಗತಿ, ಮಳೆಗಾಗಿ ಕಾದಿರು, ದಿನ ಕಳೆಯಲು ಕಾದಿರು, ಹೂ ಬಿಡು, ಮತ್ತೆ ಮಳೆಗಾಗಿ ಕಾದಿರು, ಬರದಿದ್ದರೆ ಉದುರಿಸು ಎಂದು ಮೇಲಿನಿಂದ ಕೆಳಕ್ಕೆ ಓದುವ ಎಂಟು ಸಾಲಾಯಿತು. ಕಾಫಿ ಬೆಳೆಯುವ ಮನೆಯ ಹುಡುಗಿಯೊಬ್ಬಳು, ಪ್ರೋಗ್ರಾಂ ಬರೆದು ಅಭ್ಯಾಸವಿಲ್ಲದವಳು, ಆ ಸಾಲುಗಳನ್ನು ಓದಿ ದಿನಗಳ ಲೆಕ್ಕದಲ್ಲಿದ್ದ ನಮ್ಮ ತಪ್ಪನ್ನು ತಿದ್ದಿದಳು.

ಕೊರೂಟೀನ್ ಕ್ಯೂನ ಮೇಲೆ ಕೂರುತ್ತದೆ, ಅದರ ಜಾಗವನ್ನು ಕಸಿಯುವುದಿಲ್ಲ: ಸಾಲನ್ನು ಓದುವ ಜಾಗವೇ, ಆ ಇವೆಂಟ್‌ಗಾಗಿ ಕಾದಿರುವ ಕೊರೂಟೀನ್‌ಗಳನ್ನು ಎಬ್ಬಿಸುತ್ತದೆ. ಗೊಡೊ 4ರ ಅವೈಟ್, ಯೂನಿಟಿಯ ಕೊರೂಟೀನ್ ಇದೇ ಕುಟುಂಬದವು. ಆದರೆ ನೇರ ಕಾಲ್‌ಬ್ಯಾಕ್‌ನ ಒಳಗಿಂದ ಕಾಯಲು ಆಗುವುದಿಲ್ಲ, ಏಕೆಂದರೆ ನಡುವೆ ಸಿ ಫಂಕ್ಷನ್ ಸ್ಟ್ಯಾಕ್‌ನ ಮೇಲಿರುವಾಗ ಕೊರೂಟೀನ್ ಅನ್ನು ನಡುವೆ ನಿಲ್ಲಿಸಲು ಲುವಾ ನಿರಾಕರಿಸುತ್ತದೆ, ಲುವಾ 5.2ರಿಂದ ಇದಕ್ಕೆ ಮುಂದುವರಿಕೆಯ ಫಂಕ್ಷನ್ ಕೊಡುವ ದಾರಿ ಇದ್ದರೂ ಅದನ್ನು ಎಂಜಿನ್ ಬರೆಯುವವರೇ ಕೈಯಾರೆ ಒದಗಿಸಬೇಕು. ಇನ್ನೊಂದು ಮಿತಿ ಆಟವನ್ನು ಉಳಿಸುವುದರಲ್ಲಿದೆ. ಅರ್ಧದಲ್ಲಿ ನಿಂತ ಕೊರೂಟೀನ್ ಅನ್ನು ಫೈಲ್‌ಗೆ ಬರೆದು ಮರುದಿನ ಎಬ್ಬಿಸುವ ಸೌಲಭ್ಯ ಸಾಮಾನ್ಯ ಲುವಾದಲ್ಲಿಲ್ಲ. ಮಕ್ಕಳು ನಡುವೆ ನಿಲ್ಲಿಸಿ ನಾಳೆ ಮುಂದುವರಿಸುವ ಆಟವಾದರೆ ಪ್ರತಿ ಹಂತಕ್ಕೂ ಹೆಸರಿಟ್ಟು, ಹೆಸರಿನಿಂದ ಮತ್ತೆ ಆರಂಭಿಸುವಂತೆ ಬರೆಯಬೇಕು. ಗಿಡ ಸತ್ತ ಮೇಲೂ ಮಳೆಗಾಗಿ ಕಾಯುತ್ತಿರುವ ಕೊರೂಟೀನ್ ಅನ್ನು ರದ್ದು ಮಾಡುವ ಏರ್ಪಾಡೂ ಬೇಕು.

ಹಾಗಾದರೆ ಯಾವುದು?

ಗೊಡೊ, ಯೂನಿಟಿಯಂತಹ ಸಿದ್ಧ ಎಂಜಿನ್ ಬಳಸುವವರಿಗೆ ಹೆಚ್ಚಿನದು ಆಗಲೇ ತೀರ್ಮಾನವಾಗಿದೆ. ಗೊಡೊದಲ್ಲಿ ಯಾವ ಜೋಡಣೆಯನ್ನು ಮುಂದೂಡಬೇಕು ಎಂಬುದೊಂದೇ ದಿನನಿತ್ಯದ ಆಯ್ಕೆ, ದೃಶ್ಯದಲ್ಲಿ ವಸ್ತು ಹುಟ್ಟುವ ಅಥವಾ ಅಳಿಯುವ ಕಡೆಯಲ್ಲೆಲ್ಲ ಮುಂದೂಡಿ. ಸ್ವಂತ ಎಂಜಿನ್‌ಗೆ ಸ್ಕ್ರಿಪ್ಟ್ ಜೋಡಿಸುವವರು ಗಡಿಯಲ್ಲಿ ಒಂದೇ ಒಂದು ಕ್ಯೂ ಇಡಿ. ನೇರ ಕರೆಯನ್ನು ಬೆರಳೆಣಿಕೆಯ ಪ್ರಶ್ನೆಗಳಿಗೆ ಮೀಸಲಿಡಿ, ಆ ಕರೆಗಳಿಗೆ ದೃಶ್ಯವನ್ನು ಬದಲಿಸುವ ಫಂಕ್ಷನ್‌ಗಳು ಕೈಗೇ ಸಿಗದಂತೆ ಮಾಡಿ. ನಮ್ಮಲ್ಲಿ ಅಂಥವು ಕೊನೆಗೆ ಉಳಿದದ್ದು ಎರಡು: ಬೇಲಿ ತಡೆಯುತ್ತದೆಯೇ, ಆಟ ಮುಚ್ಚಬಹುದೇ. ಸಿಗ್ನಲ್‌ಗಳು ಸ್ಕ್ರಿಪ್ಟ್‌ನ ಒಳಗಿನ ಹಂಚಿಕೆಗೆ ಇರಲಿ, ಕಾಲಕ್ರಮದ ಕಥೆ ಇರುವಲ್ಲಿ ಕೊರೂಟೀನ್ ಬರಲಿ. ವಾರಾಂತ್ಯದಲ್ಲಿ ಮುಗಿಸುವ ಚಿಕ್ಕ ಆಟಕ್ಕೆ ಇಷ್ಟೆಲ್ಲ ಬೇಡ. ಅಲ್ಲಿ ಪ್ರತಿ ಫ್ರೇಮ್‌ಗೆ ವಿಚಾರಿಸಿದರೂ ನಡೆಯುತ್ತದೆ.

ಕ್ಯೂಗೆ ಬದಲಾದ ಮೇಲೆ ನಾವು ಎಣಿಸದ ಒಂದು ಅನುಕೂಲ ಒದಗಿತು. ಹೊರಗಿನಿಂದ ಬಂದ ಪ್ರತಿ ಇವೆಂಟ್ ಒಂದೇ ಕಡೆಯಿಂದ ಹಾದುಹೋಗುವುದರಿಂದ ಅದನ್ನು ಫೈಲ್‌ಗೆ ಬರೆದಿಡಬಹುದು. ಆಟವನ್ನು ಪರೀಕ್ಷಿಸುತ್ತಿದ್ದ ಗೆಳೆಯ ಸೋಮವಾರಪೇಟೆ ಕಡೆಯವನು. ಮಳೆಗಾಲದಲ್ಲಿ ಅವನ ಊರಿನಲ್ಲಿ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಆಟ ಕುಸಿದ ವಿಡಿಯೊ ಕಳುಹಿಸುವುದು ಅಸಾಧ್ಯ. ಅವನು ಕೆಲವೇ ಕಿಲೊಬೈಟ್‌ನ ಇವೆಂಟ್ ದಾಖಲೆಯನ್ನು ಕಳುಹಿಸುತ್ತಿದ್ದ, ನಾವು ಅದನ್ನು ಇಲ್ಲಿ ಮತ್ತೆ ಆಡಿಸಿ ಅದೇ ಆನೆ ಅದೇ ಮರಕ್ಕೆ ತಾಗುವುದನ್ನು ನೋಡುತ್ತಿದ್ದೆವು. ಇದು ನಡೆಯಬೇಕಾದರೆ ಭೌತ ಲೆಕ್ಕದ ಹೆಜ್ಜೆ ಸ್ಥಿರವಾಗಿರಬೇಕು, ಯಾದೃಚ್ಛಿಕ ಸಂಖ್ಯೆಗಳು ಯಾವುದರಿಂದ ಹುಟ್ಟುತ್ತವೆಯೋ ಆ ಬೀಜ ಸಂಖ್ಯೆಯನ್ನು ದಾಖಲೆಯ ಮೊದಲ ಸಾಲಿನಲ್ಲೇ ಬರೆದಿರಬೇಕು, ಮತ್ತು ಪ್ರತಿ ಇವೆಂಟ್‌ನ ಪಕ್ಕದಲ್ಲಿ ಗಡಿಯಾರದ ಸಮಯದ ಬದಲು ಎಷ್ಟನೆಯ ಹೆಜ್ಜೆ ಎಂಬ ಸಂಖ್ಯೆ ಇರಬೇಕು. ನಾವು ಮೊದಲು ಗಡಿಯಾರದ ಸಮಯವನ್ನೇ ಬರೆದಿದ್ದೆವು. ನಮ್ಮ ಕಂಪ್ಯೂಟರ್‌ನಲ್ಲಿ ಆನೆ ಮರವನ್ನು ಮುಟ್ಟದೆ ಪಕ್ಕದಿಂದ ಹಾದುಹೋಯಿತು.